ಗಾಳಿಗುಡ್ಡದ ಮೇಲೊಂದು ಸಂಸಾರದ ಮನೆ

(ದತ್ತಿ ಉಪನ್ಯಾಸದ ಮುದ್ರಿತ ಪಠ್ಯ)



ಮನೆಗಳ ನಕ್ಷೆ ಬರೆದು ಹೊಟ್ಟೆ ಹೊರೆಯುವವನನ್ನು ಉಪನ್ಯಾಸಕ್ಕೆ ಕರೆದಿದ್ದೀರಿ. ಇಂಥ ವೇದಿಕೆಯಿಂದ ದೇವಾಲಯ, ಬಸದಿ, ಕೋಟೆಗಳ ಬಗ್ಗೆ ಮಾತಾಡುವುದು ವಾಡಿಕೆ. ನಾನು ಆರಿಸಿಕೊಂಡಿರುವುದು ಅವುಗಳಿಗಿಂತ ಚಿಕ್ಕ ವಿಷಯ. ಕಡಲು ಕಾಣುವ ಬೋಳುಗುಡ್ಡದ ಮೇಲೆ ಒಂದು ಸಂಸಾರ ವರ್ಷದ ಹನ್ನೆರಡು ತಿಂಗಳೂ ನೆಮ್ಮದಿಯಿಂದ ಇರಬಹುದಾದ ಮನೆ ಹೇಗಿರಬೇಕು ಎಂಬುದು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕುಂದಾಪುರದಿಂದ ಅಂಕೋಲೆಯ ಕಡೆಗೆ ಹೋಗುವಾಗ ಎಡಬಲದ ಗುಡ್ಡಗಳನ್ನು ನೋಡಿ. ನಮ್ಮ ಬಾಲ್ಯದಲ್ಲಿ ದನ ಮೇಯುತ್ತಿದ್ದ ಜಾಗಗಳಲ್ಲಿ ಮನೆಗಳು ಏಳುತ್ತಿವೆ. ಮುಂಬಯಿಯಲ್ಲಿ, ಬೆಂಗಳೂರಿನಲ್ಲಿ, ಕೊಲ್ಲಿ ದೇಶಗಳಲ್ಲಿ ದುಡಿದು ಊರಿಗೆ ಮರಳುವವರು ಆ ಜಾಗವನ್ನು ಕೊಳ್ಳುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಅಲ್ಲಿಂದ ಕಡಲು ಕಾಣುತ್ತದೆ. ಆ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಆ ಆಸೆಯೊಂದೇ ನಕ್ಷೆ ಬರೆಯಲು ಕೂತರೆ ಮನೆಯವರು ಪಡುವ ಕಷ್ಟವನ್ನು ನಾನು ಬಲ್ಲೆ. ಅದಕ್ಕಾಗಿಯೇ ಈ ವಿಷಯ.

ಮಾತು ಗಾಳಿಯಲ್ಲಿ ತೇಲದಿರಲು ಒಂದು ಜಾಗವನ್ನು ಕಣ್ಣ ಮುಂದಿಟ್ಟುಕೊಳ್ಳೋಣ. ಬೈಂದೂರಿನಿಂದ ಹೊನ್ನಾವರದವರೆಗೆ ಘಟ್ಟ ಕಡಲಿಗೆ ತುಂಬ ಹತ್ತಿರ ಬರುತ್ತದೆ. ಮುರಕಲ್ಲಿನ ಚಪ್ಪಟೆ ನೆತ್ತಿಯ ಗುಡ್ಡಗಳು ಅಲ್ಲಲ್ಲಿ ನೀರಿನ ಅಂಚಿನವರೆಗೂ ಚಾಚಿವೆ. ಅಂಥ ಒಂದು ಗುಡ್ಡದ ಮೇಲೆ, ಕಡಲಿನಿಂದ ಸುಮಾರು 60 ಮೀಟರ್ ಎತ್ತರದಲ್ಲಿ, ಅರ್ಧ ಎಕರೆ ಜಾಗ. ಪಡುವಣಕ್ಕೆ ಅರಬ್ಬಿ ಸಮುದ್ರ, ಮೂಡಣಕ್ಕೆ ಕೆಳಗೆ ಗದ್ದೆ, ತೋಟ, ಅದರಾಚೆ ಘಟ್ಟದ ಸಾಲು. ನೆತ್ತಿಯ ಮೇಲೆ ಹೆಸರಿಗೂ ಒಂದು ಮರವಿಲ್ಲ. ಇರಬೇಕಾದವರು ವಯಸ್ಸಾದ ಒಬ್ಬ ತಾಯಿ, ದುಡಿಯುವ ಗಂಡ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಬೇಸಿಗೆ ರಜೆಯಲ್ಲಿ ನೆಂಟರು. ಊರಿನವರು ನೋಡಿದ ಕೂಡಲೇ ಗುರುತಿಸಬಹುದಾದ ಜಾಗ, ಗುರುತಿಸಬಹುದಾದ ಸಂಸಾರ.

ಈ ಜಾಗದಲ್ಲಿ ಸೊಗಸೂ ಸಂಕಟವೂ ಒಂದೇ ದಿಕ್ಕಿನಿಂದ ಬರುತ್ತವೆ. ಕಡಲು ಪಡುವಣಕ್ಕೆ, ಸೂರ್ಯ ಮುಳುಗುವುದು ಅಲ್ಲೇ. ಮುಂಗಾರಿನ ಗಾಳಿ ಬರುವುದೂ ಅಲ್ಲಿಂದಲೇ, ಅದರ ಜೊತೆಗೆ ಮಳೆಯ ಎರಚಲು. ಮಾರ್ಚ್‌ನಿಂದ ಮೇ ತಿಂಗಳವರೆಗೆ ಮಧ್ಯಾಹ್ನ ಮೂರರಿಂದ ಸಂಜೆವರೆಗೆ ಗೋಡೆಯನ್ನು ಕಾಯಿಸುವ ಬಿಸಿಲೂ ಪಡುವಣದ್ದೇ. ಉಪ್ಪು ಹೊತ್ತು ತಂದು ಕಬ್ಬಿಣ ತಿನ್ನುವ ಗಾಳಿಯೂ ಅದೇ. ಬೇರೆ ಎಷ್ಟೋ ಕಡಲತೀರಗಳಲ್ಲಿ ನೋಟ ಒಂದು ಕಡೆ, ಕೆಟ್ಟ ಹವೆ ಇನ್ನೊಂದು ಕಡೆ ಇರುವುದುಂಟು. ಅಲ್ಲಿನ ಮನೆ ಒಂದಕ್ಕೆ ಮುಖ ಮಾಡಿ ಇನ್ನೊಂದಕ್ಕೆ ಬೆನ್ನು ಕೊಡಬಹುದು. ನಮಗೆ ಆ ಸೌಲಭ್ಯವಿಲ್ಲ. ಪಡುವಣದ ಗೋಡೆಯನ್ನು ಏನು ಮಾಡಬೇಕು ಎಂಬುದೇ ನಮ್ಮ ಮನೆಯ ಮೊದಲ ಪ್ರಶ್ನೆ. ನಾನು ಇಂದು ಹೇಳುವುದೆಲ್ಲ ಆ ಪ್ರಶ್ನೆಯ ಸುತ್ತಲೇ ತಿರುಗುತ್ತದೆ.

ಗಾಳಿಯಿಂದ ಶುರುಮಾಡುತ್ತೇನೆ. ಕಟ್ಟಡಗಳ ಮೇಲಿನ ಗಾಳಿಯ ಹೊರೆಗೆ ನಮ್ಮ ದೇಶದಲ್ಲಿ ಐಎಸ್ 875 ಎಂಬ ಸಂಹಿತೆಯಿದೆ. ಅದರ ಮೂರನೆಯ ಭಾಗ ಮಂಗಳೂರಿಗೆ ಕೊಡುವ ಮೂಲ ವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ 140 ಕಿಲೋಮೀಟರ್. ಬೆಂಗಳೂರಿಗೆ 33 ಮೀಟರ್. ವ್ಯತ್ಯಾಸ ಕಡಿಮೆ ಅನ್ನಿಸಬಹುದು, ಆದರೆ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 39 ಮೀಟರ್ ವೇಗದ ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 93 ಕಿಲೋ ತೂಕದಷ್ಟು ಒತ್ತುತ್ತದೆ. ಇದು ಸಮತಟ್ಟು ನೆಲದ ಲೆಕ್ಕ. ಗಾಳಿ ಗುಡ್ಡದ ಇಳಿಜಾರನ್ನು ಹತ್ತುವಾಗ ಕೆಳಗಿನ ಗಾಳಿ ಮೇಲಿನದರೊಂದಿಗೆ ಸೇರಿ ಇಕ್ಕಟ್ಟಾಗುತ್ತದೆ, ನೆತ್ತಿಯಲ್ಲಿ ಅದರ ವೇಗ ಹೆಚ್ಚುತ್ತದೆ. ಆ ಹೆಚ್ಚಳ ಗರಿಷ್ಠ 36 ಪ್ರತಿಶತದವರೆಗೆ ಇರಬಹುದೆಂದು ಅದೇ ಸಂಹಿತೆ ಹೇಳುತ್ತದೆ. ವೇಗ 36 ಪ್ರತಿಶತ ಏರಿದರೆ ಒತ್ತಡ 85 ಪ್ರತಿಶತ ಏರುತ್ತದೆ. ನೆತ್ತಿಯ ಅಂಚಿನಿಂದ ಹಿಂದೆ ಸರಿದಷ್ಟೂ ಈ ಹೆಚ್ಚುವರಿ ಕರಗುತ್ತ ಹೋಗುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ತೀರದ ಉದ್ದಕ್ಕೂ ಸಾಗಿಹೋದಾಗ ನೆತ್ತಿಯ ಗಾಳಿಯ ಈ ಬಲವನ್ನು ಲೆಕ್ಕದ ಪುಸ್ತಕವಿಲ್ಲದೆಯೇ ನೋಡಿದೆವು.

ಮಳೆಯ ಲೆಕ್ಕ ನಿಮಗೆಲ್ಲ ಗೊತ್ತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮನೆಕಟ್ಟುವವನಿಗೆ ಮುಖ್ಯವಾದದ್ದು ಅದು ಬೀಳುವ ಕೋನ. ಗುಡ್ಡದ ನೆತ್ತಿಯಲ್ಲಿ ಆಷಾಢದ ಮಳೆ ಮೇಲಿನಿಂದ ಬೀಳುವುದಿಲ್ಲ, ಅಡ್ಡಲಾಗಿ ಹೊಡೆಯುತ್ತದೆ. ಗೋಡೆಗೆ ಬಡಿದ ಗಾಳಿ ಮೇಲಕ್ಕೇರುವಾಗ ಹನಿಗಳೂ ಮೇಲಕ್ಕೇರಿ ಸೂರಿನ ಅಡಿಯಿಂದ ಒಳನುಗ್ಗುತ್ತವೆ. ಬಯಲಿನ ತೋಟದ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಮೊದಲ ವರ್ಷ ಇದನ್ನು ನಂಬುವುದೇ ಕಷ್ಟವಾಗುತ್ತದೆ.

ಇಲ್ಲೊಂದು ಮಾತು ಹೇಳಬೇಕು. ಮಂಗಳೂರಿನಿಂದ ಕಾರವಾರದವರೆಗೆ ನಮ್ಮ ಹಳೆಯ ಮನೆಗಳು ಜಾಣತನದ ಮನೆಗಳು. ಚಾವಡಿ, ಜಗಲಿ, ಒಳಾಂಗಳ, ಇಳಿಬಿದ್ದ ಮಾಡು, ಎಲ್ಲವೂ ಮಳೆಯನ್ನು ಅರಿತವರು ಕಟ್ಟಿದ್ದು. ಅದನ್ನೇ ಗುಡ್ಡಕ್ಕೆ ಏರಿಸಿದರೆ ಸಾಕು ಎಂದು ಅನೇಕರು ನಂಬಿದ್ದಾರೆ. ಆದರೆ ಆ ಮನೆಗಳು ಇದ್ದದ್ದು ಎಲ್ಲಿ? ಗುಡ್ಡದ ಬುಡದಲ್ಲಿ, ಗದ್ದೆಯ ಅಂಚಿನಲ್ಲಿ, ತೆಂಗು ಅಡಿಕೆಯ ಮರೆಯಲ್ಲಿ. ಮೀನುಗಾರರ ಕೇರಿಗಳೂ ಮರಳದಿಬ್ಬದ ಹಿಂದೆ, ತೆಂಗಿನ ಸಾಲಿನ ಒಳಗೆ ಕುಳಿತಿದ್ದವು. ಬೋಳುಗುಡ್ಡದ ನೆತ್ತಿಯಲ್ಲಿ ಸಂಸಾರಸ್ಥರು ಯಾರೂ ಮನೆ ಹಾಕುತ್ತಿರಲಿಲ್ಲ. ಅದು ದನಕ್ಕೆ, ಮುಳಿಹುಲ್ಲಿಗೆ, ಸೊಪ್ಪಿಗೆ ಇದ್ದ ಜಾಗ. ಬೇಣ ಅಂದರೆ ಅದೇ. ಹಾಗಾಗಿ ಬಯಲಿನ ಮನೆಗೆ ನಮ್ಮಲ್ಲಿ ಪರಂಪರೆ ಇದೆ, ಗಾಳಿಗುಡ್ಡದ ಮನೆಗೆ ಇಲ್ಲ. ಹಿರಿಯರು ಬಿಟ್ಟುಹೋದ ತಿಳಿವಳಿಕೆಯಲ್ಲಿ ಯಾವುದು ಗುಡ್ಡ ಹತ್ತುತ್ತದೆ, ಯಾವುದು ಹತ್ತುವುದಿಲ್ಲ ಎಂದು ನಾವೇ ಆರಿಸಿಕೊಳ್ಳಬೇಕು. ಹಾಗೆಯೇ, ಗಾಳಿಯ ಬಾಯಲ್ಲೇ ಬಾಳಿದ ಬೇರೆ ಜನರಿಂದ ಕಲಿಯುವುದಕ್ಕೂ ಸಂಕೋಚಪಡಬಾರದು.

ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಲೂಯಿಸ್ ದ್ವೀಪದ ರೈತರು ಕಟ್ಟುತ್ತಿದ್ದ ಮನೆಗಳಿಗೆ ಇಂಗ್ಲಿಷಿನಲ್ಲಿ ಬ್ಲ್ಯಾಕ್‌ಹೌಸ್ ಎಂದು ಹೆಸರು. ಅಟ್ಲಾಂಟಿಕ್ ಗಾಳಿಗೆ ಎದುರಾಗಿ ನಿಂತ ತಗ್ಗು ಮನೆಗಳು. ಎರಡು ಪದರದ ಒಣಕಲ್ಲಿನ ಗೋಡೆ, ನಡುವೆ ಮಣ್ಣು. ಮೂಲೆಗಳು ದುಂಡಗೆ. ಹುಲ್ಲಿನ ಮಾಡು ಗೋಡೆಯ ಒಳಪದರದ ಮೇಲೆ ಕೂರುತ್ತದೆ, ಹೊರಗೆ ಸೂರೇ ಇಲ್ಲ. ಗಾಳಿಗೆ ಹಿಡಿಯಲು ಏನೂ ಸಿಗಬಾರದೆಂಬುದು ಲೆಕ್ಕ. ಹುಲ್ಲನ್ನು ಹಗ್ಗದಿಂದ ಬಿಗಿದು ಹಗ್ಗದ ತುದಿಗೆ ಕಲ್ಲು ಕಟ್ಟುತ್ತಿದ್ದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1965ರ ಹೊತ್ತಿಗೆ ಸೀ ರಾಂಚ್ ಎಂಬ ವಸತಿ ಶುರುವಾಯಿತು. ಭೂದೃಶ್ಯ ವಿನ್ಯಾಸಕ ಲಾರೆನ್ಸ್ ಹಾಲ್‌ಪ್ರಿನ್ ಮೊದಲು ಅಭ್ಯಾಸ ಮಾಡಿದ್ದು ಅಲ್ಲಿನ ಗಾಳಿಯನ್ನು. ಗಾಳಿ ತಡೆಯಲು ಹಿಂದಿನವರು ನೆಟ್ಟಿದ್ದ ಸೈಪ್ರೆಸ್ ಮರಗಳ ಸಾಲುಗಳಿದ್ದವು, ಅವುಗಳ ತಲೆ ಗಾಳಿಗೆ ಓರೆಯಾಗಿ ಕತ್ತರಿಸಿಹೋಗಿತ್ತು. ವಾಸ್ತುಶಿಲ್ಪಿ ಜೋಸೆಫ್ ಎಷೆರಿಕ್ ತನ್ನ ಮನೆಗಳನ್ನು ಆ ಸಾಲುಗಳ ಮಗ್ಗುಲಿಗೆ ಒತ್ತಿ ಕೂರಿಸಿ, ಮಾಡಿನ ಓರೆಯನ್ನು ಮರಗಳ ಓರೆಗೆ ಹೊಂದಿಸಿದ. ಕಡಲಿನ ಎದುರಿನ ಹುಲ್ಲುಗಾವಲನ್ನು ಬಯಲಾಗಿಯೇ ಬಿಟ್ಟರು. ಅಲ್ಲೂ ಸೂರು ಚಾಚುವುದಿಲ್ಲ.

ನನ್ನನ್ನು ಇವೆರಡಕ್ಕಿಂತ ಹೆಚ್ಚು ಕಾಡಿದ ಮನೆ ಸ್ಪೇನಿನ ಮಯೋರ್ಕಾ ದ್ವೀಪದ್ದು. ಸಿಡ್ನಿಯ ಆಪೆರಾ ಹೌಸನ್ನು ಕಲ್ಪಿಸಿದ ಡೆನ್ಮಾರ್ಕಿನ ಯೋರ್ನ್ ಊಟ್ಸೋನ್ 1970ರ ದಶಕದ ಆರಂಭದಲ್ಲಿ ತನ್ನ ಸಂಸಾರಕ್ಕಾಗಿ ಕಟ್ಟಿಕೊಂಡ ಮನೆ ಅದು. ಹೆಂಡತಿಯ ಹೆಸರಿನಲ್ಲಿ ಕಾನ್ ಲಿಸ್ ಎಂದು ಕರೆದ. ಕಡಿದಾದ ಬಂಡೆಯ ಅಂಚಿನಲ್ಲಿ, ಅಲ್ಲಿನದೇ ಮರಳುಗಲ್ಲಿನಲ್ಲಿ, ಒಂದೇ ಕಟ್ಟಡದ ಬದಲು ಬಿಡಿಬಿಡಿ ಮನೆಗಳು. ಅಡುಗೆ ಊಟಕ್ಕೆ ಒಂದು, ಕೂರುವುದಕ್ಕೆ ಒಂದು, ಮಲಗುವುದಕ್ಕೆ ಬೇರೆ. ನಡುವೆ ಗಾಳಿಯ ಮರೆಯ ಅಂಗಳಗಳು. ಕೂರುವ ಕೋಣೆಯ ಕಿಟಕಿಗಳು ಆಳವಾದ ಕಲ್ಲಿನ ಗೂಡುಗಳು. ಚೌಕಟ್ಟನ್ನು ಹೊರಗಿನಿಂದ ಕೂರಿಸಿದ್ದರಿಂದ ಒಳಗೆ ಕೂತವರಿಗೆ ಗಾಜಿದೆಯೆಂದೇ ತೋರುವುದಿಲ್ಲ. ಒಂದು ಗೋಡೆಯ ಮೇಲ್ಭಾಗದಲ್ಲಿ ಸಣ್ಣ ಸೀಳು, ದಿನದ ಒಂದು ಹೊತ್ತಿನಲ್ಲಿ ಸ್ವಲ್ಪ ಕಾಲ ಮಾತ್ರ ಅದರಿಂದ ಬಿಸಿಲಿನ ಕೋಲು ಇಳಿಯುತ್ತದೆ. ಇಷ್ಟೆಲ್ಲ ಮಾಡಿದವನಿಗೂ ಕಡಲಿನ ಪ್ರತಿಫಲಿತ ಬೆಳಕು ಕಣ್ಣಿಗೆ ತ್ರಾಸವಾಯಿತು, ನೋಡಲು ಬರುವವರ ಕಾಟವೂ ಸೇರಿತು. 1990ರ ದಶಕದಲ್ಲಿ ದ್ವೀಪದ ಒಳಭಾಗದ ಬೆಟ್ಟದ ಬದಿಯಲ್ಲಿ ಇನ್ನೊಂದು ಮನೆ ಕಟ್ಟಿಕೊಂಡು ಅಲ್ಲಿಗೆ ಹೋದ. ಅಲ್ಲಿಂದಲೂ ಕಡಲು ಕಾಣುತ್ತದೆ, ದೂರದಲ್ಲಿ. ಕಡಲಿನ ನೋಟವನ್ನು ಅಷ್ಟು ಎಚ್ಚರದಿಂದ ಅಳೆದು ಕೊಟ್ಟವನಿಗೇ ಅದು ಹೆಚ್ಚಾಯಿತು ಎಂಬುದನ್ನು ಗಾಜಿನ ಗೋಡೆ ಕೇಳುವ ಪ್ರತಿಯೊಬ್ಬರಿಗೂ ನಾನು ಹೇಳುತ್ತೇನೆ.

ಈಗ ನಮ್ಮ ಗುಡ್ಡಕ್ಕೆ ಬರೋಣ. ಮನೆ ಎಲ್ಲಿ ಕೂರಬೇಕು? ನೆತ್ತಿಯ ಪಡುವಣ ಅಂಚಿನಲ್ಲಿ ಬೇಡ. ಅಲ್ಲಿ ನೋಟ ಅತಿ ದೊಡ್ಡದು, ಗಾಳಿಯೂ ಅತಿ ದೊಡ್ಡದು. ಅಂಚಿನಿಂದ ಹಿಂದೆ ಸರಿದು, ನೆಲ ಮೂಡಣಕ್ಕೆ ಇಳಿಯಲು ಶುರುವಾಗುವ ಹೆಗಲಿನಲ್ಲಿ ಮನೆ ಕೂರಲಿ. ಪಡುವಣದ ಭಾಗದ ನೆಲ ನೆತ್ತಿಯ ಮಟ್ಟದಲ್ಲೇ ಇರಲಿ, ಮೂಡಣದ ಭಾಗ ಎರಡು ಮೂರು ಮೆಟ್ಟಿಲು ಕೆಳಗಿಳಿಯಲಿ. ಆಗ ಮುಂದಿನ ಕೋಣೆಯಿಂದ ಕಡಲು ಕಾಣುತ್ತದೆ, ಹಿಂದಿನ ಅಂಗಳಕ್ಕೆ ಮನೆಯೇ ಮರೆಯಾಗುತ್ತದೆ. ಆ ಮೆಟ್ಟಿಲುಗಳ ಪಕ್ಕದಲ್ಲಿ ತಾಯಿಗಾಗಿ ಒಂದು ಇಳಿಜಾರು ದಾರಿ ಮೊದಲ ನಕ್ಷೆಯಲ್ಲೇ ಇರಬೇಕು.

ಗುಡ್ಡವನ್ನು ಕಡಿದು ಸಮತಟ್ಟು ಮಾಡುವುದನ್ನು ನಾನು ಒಪ್ಪುವುದಿಲ್ಲ. ಮುರಕಲ್ಲು ಮೇಲಿನ ಗಟ್ಟಿ ಚಿಪ್ಪು ಮಾತ್ರ. ಅದರ ಕೆಳಗೆ ನಮ್ಮಲ್ಲಿ ಬಹಳ ಕಡೆ ಶೇಡಿ ಮಣ್ಣು ಇದೆ. ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಹಿಡಿತ ಬಿಡುವ ಮಣ್ಣು. ಬುಲ್ಡೋಜರ್ ಚಿಪ್ಪನ್ನು ಒಡೆದು ನೇರವಾಗಿ ಕಡಿದರೆ ಶೇಡಿಯ ಮುಖ ಮಳೆಗೆ ಬಯಲಾಗುತ್ತದೆ. ಬೈಂದೂರಿನ ಒತ್ತಿನೆಣೆಯಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಮಳೆಗಾಲದಲ್ಲಿ ಜರಿದದ್ದನ್ನು ನೋಡಿದ್ದೇವೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರನ್ನು ಗಂಗಾವಳಿಗೆ ತಳ್ಳಿದ ದಿನವನ್ನು ಈ ಕರಾವಳಿಯ ಯಾರೂ ಮರೆತಿಲ್ಲ. ಒಂದು ಮನೆಯ ಅಂಗಳಕ್ಕಾಗಿ ಅಂಥ ಕಡಿತ ಬೇಡ. ನೆಲ ಇಳಿದಂತೆ ಪಂಚಾಂಗ ಇಳಿಯಲಿ. ಮನೆಯ ಮೇಲ್ಗಡೆ ನೀರನ್ನು ಬದಿಗೆ ಒಯ್ಯುವ ಒಂದು ಕಾಲುವೆ ಮೊದಲೇ ತೆಗೆಯಿರಿ.

ನಕ್ಷೆಯ ಮುಖ್ಯ ತೀರ್ಮಾನ ಪಡುವಣದ ಗೋಡೆಯದು ಎಂದೆ. ನಾನು ಅದನ್ನು ಒಂದು ಗೆರೆಯಾಗಿ ಕಾಣುವುದಿಲ್ಲ, ಆರೇಳು ಅಡಿ ದಪ್ಪದ ಪಟ್ಟಿಯಾಗಿ ಕಾಣುತ್ತೇನೆ. ಮನುಷ್ಯರು ಹೆಚ್ಚು ಹೊತ್ತು ಇರದ ಎಲ್ಲವೂ ಆ ಪಟ್ಟಿಯಲ್ಲಿ ಹೋಗಲಿ. ಬಚ್ಚಲು, ಉಗ್ರಾಣ, ಮೆಟ್ಟಿಲು, ಪುಸ್ತಕದ ಕಪಾಟು, ಹಾಸಿಗೆ ಇಡುವ ಗೂಡು. ಬಿಸಿಲೂ ಎರಚಲೂ ಮೊದಲು ಅವುಗಳಿಗೆ ತಗಲುತ್ತವೆ, ಜನರಿಗೆ ಆಮೇಲೆ. ಈ ಪಟ್ಟಿಯನ್ನು ಎರಡೋ ಮೂರೋ ಕಡೆ ಕೊರೆದು ಕಡಲಿಗೆ ಕಿಂಡಿ ಮಾಡಬೇಕು. ಒಂದೊಂದು ಕಿಂಡಿಯೂ ಇಬ್ಬರು ಎದುರುಬದುರು ಕೂರಬಹುದಾದ ಕಟ್ಟೆ. ಮೂಡಣಕ್ಕೆ ಅಂಗಳ, ಅದರ ಸುತ್ತ ಜಗಲಿ, ಜಗಲಿಗೆ ತೆರೆದ ಅಡುಗೆಮನೆ, ಊಟದ ಜಾಗ, ತಾಯಿಯ ಕೋಣೆ. ಸಂಸಾರದ ದಿನ ಕಳೆಯುವುದು ಅಲ್ಲಿ, ಗಾಳಿಯ ಮರೆಯಲ್ಲಿ, ಘಟ್ಟದ ನೋಟದಲ್ಲಿ. ಬೆಳಗಿನ ಬಿಸಿಲು ಬೇಕಾದವರಿಗೆ ಬೇಕಾದಲ್ಲಿ ಸಿಗುತ್ತದೆ.

ನೋಟದ ಬಗ್ಗೆ ಒಂದು ಸರಳ ಸತ್ಯವನ್ನು ಮನೆಕಟ್ಟುವವರು ಬಳಸಿಕೊಳ್ಳುವುದು ಕಡಿಮೆ. ದಿಗಂತ ಯಾವಾಗಲೂ ನೋಡುವವನ ಕಣ್ಣಿನ ಮಟ್ಟದಲ್ಲೇ ಇರುತ್ತದೆ. 60 ಮೀಟರ್ ಎತ್ತರದ ಗುಡ್ಡದಿಂದ ದಿಗಂತ ಸುಮಾರು 28 ಕಿಲೋಮೀಟರ್ ದೂರ, ಆದರೂ ಕಣ್ಣಿನ ಮಟ್ಟದಿಂದ ಅದು ಇಳಿಯುವುದು ಕಾಲು ಡಿಗ್ರಿಗಿಂತ ಕಡಿಮೆ. ಕುರ್ಚಿಯಲ್ಲಿ ಕೂತವರ ಕಣ್ಣು ನೆಲದಿಂದ ನಾಲ್ಕು ಅಡಿಗೆ ತುಸು ಕಡಿಮೆ, ಕಟ್ಟೆಯ ಮೇಲೆ ಕಾಲು ಮಡಿಸಿ ಕೂತವರದು ಅದರ ಆಸುಪಾಸು. ಹಾಗಿರುವಾಗ ಏಳೆಂಟು ಅಡಿ ಎತ್ತರದ ಗಾಜು ಯಾಕೆ? ಕಿಂಡಿಯ ಮೇಲಂಚು ಐದು ಅಡಿಗೆ ನಿಂತರೆ ಕೂತವರಿಗೆ ನೀರು ಪೂರ್ತಿ ಕಾಣುತ್ತದೆ, ದಿಗಂತ ಕಾಣುತ್ತದೆ, ಅದರ ಮೇಲೆ ಒಂದು ಪಟ್ಟಿ ಆಕಾಶ ಕಾಣುತ್ತದೆ. ಕಣ್ಣು ಕುಕ್ಕುವ ಉಳಿದ ಆಕಾಶ ಹೊರಗೇ ಉಳಿಯುತ್ತದೆ. ಕತ್ತಲ ಕೋಣೆಯಲ್ಲಿ ಒಂದೇ ಬೆಳಗುವ ತೂತು ಇದ್ದರೆ ಕಣ್ಣು ದಣಿಯುತ್ತದೆ. ಆದ್ದರಿಂದ ಅದೇ ಕೋಣೆಗೆ ಅಂಗಳದ ಕಡೆಯಿಂದಲೂ ಬೆಳಕು ಬರಬೇಕು, ಕಿಂಡಿಯ ಒಳಮಗ್ಗುಲುಗಳಿಗೆ ಸುಣ್ಣ ಬಳಿದು ಬೆಳಕನ್ನು ಹಂತಹಂತವಾಗಿ ಇಳಿಸಬೇಕು.

ಇನ್ನೊಂದು, ಕಡಲೆಂದರೆ ನೇರ ಪಡುವಣವಷ್ಟೇ ಅಂತ ಯಾಕೆ ಅಂದುಕೊಳ್ಳಬೇಕು? ನೇರ ನೋಡಿದರೆ ಕಾಣುವುದು ಒಂದು ಗೆರೆ. ತೀರದ ಉದ್ದಕ್ಕೆ ನೋಡಿದರೆ ಅಳಿವೆ, ಮರಳು, ಬಂಡೆಗೆ ಒಡೆಯುವ ತೆರೆ, ಸಂಜೆ ಹೊರಡುವ ದೋಣಿಗಳು. ಭಟ್ಕಳ ಮುರುಡೇಶ್ವರದ ಕಡೆಯ ಗುಡ್ಡವಾದರೆ ನೇತ್ರಾಣಿ ದ್ವೀಪ. ಉತ್ತರಕ್ಕೆ ತೆರೆದು ತೀರವನ್ನು ಓರೆಯಾಗಿ ನೋಡುವ ದೊಡ್ಡ ಕಿಟಕಿಗೆ ಸಂಜೆಯ ಬಿಸಿಲು ತಗಲುವುದು ಕಡಿಮೆ, ನೈರುತ್ಯದ ಎರಚಲು ನೇರ ಬಡಿಯುವುದಿಲ್ಲ. ಮನೆಯ ಅತಿ ಅಗಲದ ಗಾಜನ್ನು ನಾನು ಅಲ್ಲಿಡುತ್ತೇನೆ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಮುಳುಗುವ ಬಿಂದು ಜೂನ್‌ನಲ್ಲಿ ನೇರ ಪಡುವಣದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ, ಡಿಸೆಂಬರ್‌ನಲ್ಲಿ ಅಷ್ಟೇ ದಕ್ಷಿಣಕ್ಕೆ ಸರಿಯುತ್ತದೆ. ಜೂನ್‌ನ ಸೂರ್ಯಾಸ್ತ ಮೋಡದಲ್ಲಿ ಮುಚ್ಚಿರುತ್ತದೆ, ನೋಡಸಿಗುವುದು ನವೆಂಬರಿನಿಂದ ಫೆಬ್ರವರಿಯವರೆಗಿನದು. ಅದಕ್ಕೆ ಪಡುವಣದ ಒಂದು ಕಿಂಡಿಯನ್ನು ತುಸು ದಕ್ಷಿಣಕ್ಕೆ ತಿರುಗಿಸಿದರೆ ಆಯಿತು.

ಯಾರಿಗೆ ಯಾವ ನೋಟ ಎಂಬುದೂ ನಕ್ಷೆಯ ಪ್ರಶ್ನೆಯೇ. ಸಾಮಾನ್ಯವಾಗಿ ಕಡಲಿನ ನೋಟ ಹೋಗುವುದು ಯಜಮಾನನ ಮಲಗುವ ಕೋಣೆಗೆ, ಅಂದರೆ ಕಣ್ಣು ಮುಚ್ಚಿರುವ ಹೊತ್ತಿಗೆ. ಹಗಲೆಲ್ಲ ಮನೆಯಲ್ಲಿರುವ ತಾಯಿಗೆ, ಅಡುಗೆಮನೆಯಲ್ಲಿ ನಿಂತು ಕೆಲಸ ಮಾಡುವವರಿಗೆ ಸಿಗುವುದು ಹಿಂಗೋಡೆ. ನಾನು ಅಡುಗೆಯ ಕಟ್ಟೆಯನ್ನು ಅಂಗಳಕ್ಕೂ ಉತ್ತರದ ಕಿಟಕಿಗೂ ನಡುವೆ ಇಡುತ್ತೇನೆ. ಒಂದು ಕಡೆ ಮಕ್ಕಳು ಆಡುವುದು ಕಾಣಬೇಕು, ಇನ್ನೊಂದು ಕಡೆ ಕಡಲು. ತಾಯಿಯ ಕೋಣೆಗೆ ದಾರಿ ಕಾಣಬೇಕು, ಯಾರು ಬಂದರು, ಯಾರು ಹೋದರು ಎಂದು ತಿಳಿಯಬೇಕು. ಅನೇಕ ಹಿರಿಯರಿಗೆ ಆ ನೋಟ ಕಡಲಿಗಿಂತ ದೊಡ್ಡದು. ಇನ್ನು ಮಳೆಗಾಲದಲ್ಲಿ ಐದು ಜನರ ಬಟ್ಟೆ ಒಣಗಬೇಕು. ಈ ಮಾತು ಕರಾವಳಿಯ ಮನೆಯ ಸಚಿತ್ರ ಪುಸ್ತಕಗಳಲ್ಲಿ ಬರುವುದಿಲ್ಲ, ಆದರೆ ಜುಲೈ ತಿಂಗಳಲ್ಲಿ ಮನೆಯೊಳಗಿನ ಬದುಕನ್ನು ಇಷ್ಟು ಕಟ್ಟಿಹಾಕುವ ವಿಷಯ ಇನ್ನೊಂದಿಲ್ಲ. ಬಚ್ಚಲೊಲೆಯ ಗೋಡೆಗೆ ತಾಗಿ, ಮೇಲೆ ಗಾಳಿಕಿಂಡಿಯಿರುವ, ಮಾಡಿನ ಕೆಳಗಿನ ಒಂದು ಉದ್ದನೆಯ ಸಾಲೆ ಕೊಡಿ. ಅಡಿಕೆ, ತೆಂಗಿನಕಾಯಿ, ಸೌದೆ, ಮಕ್ಕಳ ರೈನ್‌ಕೋಟು, ಎಲ್ಲಕ್ಕೂ ಅದೇ ಜಾಗ. ಬಾಗಿಲೂ ಎರಡಿರಲಿ. ಬೇಸಿಗೆಯಲ್ಲಿ ಕಡಲಗಾಳಿಗೆ ತೆರೆಯುವ ಪಡುವಣದ ಬಾಗಿಲು, ಮಳೆಗಾಲದಲ್ಲಿ ಅದನ್ನು ಅಗುಳಿ ಹಾಕಿ ಮುಚ್ಚಿದಾಗ ಬಳಸುವ ಮೂಡಣದ ಬಾಗಿಲು.

ಮಾಡಿನಲ್ಲಿ ಒಂದು ನಿಜವಾದ ಇಕ್ಕಟ್ಟಿದೆ. ಮಳೆಗೂ ಬಿಸಿಲಿಗೂ ಉದ್ದ ಸೂರು ಬೇಕು. ಗಾಳಿಗೆ ಸೂರು ಬೇಡ, ಅದು ಚಾಚಿದಷ್ಟೂ ಅಡಿಯಿಂದ ಎತ್ತುವ ಬಲ ಹೆಚ್ಚು. ಲೂಯಿಸ್ ದ್ವೀಪದವರೂ ಸೀ ರಾಂಚಿನವರೂ ಸೂರು ತೆಗೆದುಹಾಕಿದರು, ಅವರ ಮಳೆ ನಮ್ಮದರ ಹತ್ತಿರಕ್ಕೂ ಬಾರದು. ನಮಗೆ ಎರಡನ್ನೂ ಬಿಡಲಾಗದು. ನಾನು ಹಿಡಿಯುವ ದಾರಿ ಇದು: ಮುಖ್ಯ ಮಾಡು ನಾಲ್ಕೂ ಕಡೆ ಇಳಿಯಲಿ, ಎರಡು ಕಡೆ ತ್ರಿಕೋನದ ಗೋಡೆ ಎದ್ದು ನಿಲ್ಲುವ ಮಾಡಿಗಿಂತ ಅದು ಗಾಳಿಯನ್ನು ಚೆನ್ನಾಗಿ ತಾಳುತ್ತದೆ. ಅದರ ಸೂರು ಗೋಡೆಯಿಂದ ಒಂದೂವರೆ ಅಡಿಗೆ ನಿಲ್ಲಲಿ. ಜಗಲಿಯ ಇಳಿಮಾಡು ಪ್ರತ್ಯೇಕವಾಗಿ, ತಗ್ಗಿನಲ್ಲಿ, ತನ್ನದೇ ಕಂಬಗಳ ಮೇಲೆ ಕೂರಲಿ. ಚಂಡಮಾರುತ ಇಳಿಮಾಡನ್ನು ಕಿತ್ತರೂ ಮನೆಯ ತಲೆ ಉಳಿಯುತ್ತದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಮುಳಿಹುಲ್ಲು ಕ್ರಮೇಣ ಹೋಗಿ ಹಂಚು ಬಂತು. ಬಯಲಿನಲ್ಲಿ ಹಂಚು ತನ್ನ ತೂಕದಿಂದಲೇ ಕೂತಿರುತ್ತದೆ. ಗುಡ್ಡದ ಮೇಲೆ ಅದು ಸಾಲದು. ಅಂಚಿನ ಮತ್ತು ಮೂಲೆಯ ಸಾಲುಗಳ ಪ್ರತಿ ಹಂಚನ್ನೂ ತಾಮ್ರದ ತಂತಿಯಿಂದ ರೀಪಿಗೆ ಕಟ್ಟಬೇಕು. ರೀಪು ಪಕ್ಕಾಸಿಗೆ, ಪಕ್ಕಾಸು ಗೋಡೆಯ ತಲೆಯ ತೊಲೆಗೆ, ತೊಲೆ ಗೋಡೆಯೊಳಗೆ ಇಳಿಬಿಟ್ಟ ಸರಳಿಗೆ, ಹೀಗೆ ಹಿಡಿತ ಪಂಚಾಂಗದವರೆಗೆ ಎಲ್ಲೂ ಬಿಡದೆ ಇಳಿಯಬೇಕು. ಹಂಚಿನ ಕೆಳಗೆ ನೀರು ತಡೆಯುವ ಒಂದು ಪದರ ಇರಲೇಬೇಕು, ಯಾಕೆಂದರೆ ಅಡ್ಡಮಳೆ ಹಂಚಿನ ಸಂದಿಯಲ್ಲಿ ಮೇಲ್ಮುಖವಾಗಿ ನುಗ್ಗುತ್ತದೆ.

ಮುರಕಲ್ಲಿನ ಗೋಡೆ ಒಳ್ಳೆಯದು, ಅಲ್ಲೇ ಸಿಗುತ್ತದೆ, ಗಾಳಿಗೆ ತೆರೆದಷ್ಟೂ ಗಟ್ಟಿಯಾಗುತ್ತದೆ. ಆದರೆ ಅದರ ಮೈ ತೂತುತೂತು, ಎರಚಲನ್ನು ಹೀರುತ್ತದೆ. ಪಡುವಣಕ್ಕೆ ಎರಡು ಗೋಡೆ, ನಡುವೆ ಎರಡಿಂಚು ಖಾಲಿ ಜಾಗ, ಅಡಿಯಲ್ಲಿ ನೀರು ಹೊರಹೋಗಲು ತೂತು, ಇದು ನೆಚ್ಚಬಹುದಾದ ಉಪಾಯ. ಹಿರಿಯರ ಉಪಾಯ ಇನ್ನೂ ಸರಳ. ಮಳೆಗಾಲಕ್ಕೆ ಮುಂಚೆ ತೆಂಗಿನ ಮಡಲು ಹೆಣೆದು ಜಗಲಿಗೂ ಮಣ್ಣುಗೋಡೆಗೂ ತಟ್ಟಿ ಕಟ್ಟುತ್ತಿದ್ದರು, ಮಳೆ ಹೋದ ಮೇಲೆ ಬಿಚ್ಚುತ್ತಿದ್ದರು. ಮನೆ ಋತುವಿಗೆ ತಕ್ಕಂತೆ ಉಡುಪು ಬದಲಿಸುತ್ತಿತ್ತು. ಗುಡ್ಡಕ್ಕೆ ಏರಿಸಬೇಕಾದ ಪರಂಪರೆ ಇದು. ಪಡುವಣದ ಕಿಂಡಿಗಳ ಹೊರಗೆ ಗೋಡೆಯಲ್ಲಿ ಕೊಕ್ಕೆಗಳನ್ನು ಮೊದಲೇ ಕೂರಿಸಿ, ಮೇ ಕೊನೆಯಲ್ಲಿ ಮರದ ಪಟ್ಟಿಗಳ ತಟ್ಟಿಯನ್ನು ತೂಗುಹಾಕಿ, ನವರಾತ್ರಿಯ ಹೊತ್ತಿಗೆ ಇಳಿಸಿ. ನಾಲ್ಕು ತಿಂಗಳು ಕಡಲು ಪಟ್ಟಿಗಳ ಸಂದಿನಿಂದ ಕಾಣಲಿ. ಆ ನಾಲ್ಕು ತಿಂಗಳು ಕಡಲು ಹೆಚ್ಚು ಇರುವುದು ಕಿವಿಯಲ್ಲೇ.

ಉಪ್ಪಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಆದರೆ ಹಣ ಸೋರಿಹೋಗುವುದು ಇಲ್ಲಿಯೇ. ಕಾಂಕ್ರೀಟಿನೊಳಗಿನ ಸರಳಿಗೆ ಲವಣ ತಲುಪಿದರೆ ತುಕ್ಕು ಹಿಡಿದ ಕಬ್ಬಿಣ ಹಲವು ಪಟ್ಟು ಹಿಗ್ಗಿ ಕಾಂಕ್ರೀಟನ್ನು ಸೀಳುತ್ತದೆ. ಐಎಸ್ 456 ಸಂಹಿತೆ ಕರಾವಳಿಯ ಹವೆಯನ್ನು ತೀವ್ರ ಎಂದು ವರ್ಗೀಕರಿಸಿ, ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟು, ಸರಳಿನ ಮೇಲೆ 45 ಮಿಲಿಮೀಟರ್ ಹೊದಿಕೆ ಕೇಳುತ್ತದೆ. ಊರಿನಲ್ಲಿ ಸಾಮಾನ್ಯವಾಗಿ ಹಾಕುವುದು ಅದರ ಅರ್ಧ. ಕಡಲ ಮರಳನ್ನು ತೊಳೆದರೂ ಬಳಸಬೇಡಿ. ಹೊರಗಿನ ಕೊಂಡಿ, ತಿರುಗಣಿಗಳಿಗೆ ಹಿತ್ತಾಳೆ, ಇಲ್ಲವೇ 316 ದರ್ಜೆಯ ಸ್ಟೇನ್‌ಲೆಸ್ ಉಕ್ಕು. ಅಗ್ಗದ 304 ದರ್ಜೆ ಕಡಲಿನ ಹತ್ತಿರ ಕಲೆಗಟ್ಟುತ್ತದೆ. ಬೋಳುಗುಡ್ಡದಲ್ಲಿ ಮನೆಯೇ ಅತಿ ಎತ್ತರದ ವಸ್ತುವಾದ್ದರಿಂದ ಸಿಡಿಲು ತಡೆಯುವ ಕಂಬಿಯನ್ನು ಮರೆಯಬಾರದು. ಮುರಕಲ್ಲಿನ ಒಣನೆಲದಲ್ಲಿ ಭೂಸಂಪರ್ಕ ಕಷ್ಟ, ಅದಕ್ಕೆ ಆಳದ ಗುಂಡಿ ಬೇಕು.

ನೀರಿಗೂ ಅದೇ ಮಾಡು ಆಸರೆ. 150 ಚದರ ಮೀಟರ್ ಮಾಡಿನ ಮೇಲೆ ವರ್ಷಕ್ಕೆ ಐದು ಲಕ್ಷ ಲೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಐದು ಜನ ದಿನಕ್ಕೆ 500 ಲೀಟರ್ ಬಳಸಿದರೆ ಅಕ್ಟೋಬರಿನಿಂದ ಮೇವರೆಗಿನ ಎಂಟು ತಿಂಗಳಿಗೆ 1 ಲಕ್ಷ 20 ಸಾವಿರ ಲೀಟರ್ ಸಾಕು. ಮಾರ್ಚ್‌ನಲ್ಲಿ ಟ್ಯಾಂಕರಿಗೆ ಕಾಯುವ ಗುಡ್ಡದ ಮನೆಗಳಿಗೆ ಈ ಲೆಕ್ಕವನ್ನು ಯಾರಾದರೂ ಮೊದಲೇ ಹೇಳಬೇಕಿತ್ತು. ಅಂಗಳದ ಕೆಳಗೆ ತೊಟ್ಟಿ ಮಾಡಿ. ಮೊದಲ ಮಳೆಗಳ ಉಪ್ಪುನೀರನ್ನು ಹೊರಗೆ ಬಿಟ್ಟು ಆಮೇಲೆ ತುಂಬಿಸಿ.

ಮರಗಳ ಮಾತು ಉಳಿದಿದೆ, ಮತ್ತು ಕೆಲಸ ಶುರುವಾಗಬೇಕಾದದ್ದು ಅಲ್ಲಿಂದ. ಗಾಳಿಗೆ ಗಟ್ಟಿ ಗೋಡೆ ಅಡ್ಡ ಇಟ್ಟರೆ ಗಾಳಿ ಅದನ್ನು ಹಾರಿ ಹಿಂದೆ ಸುಳಿಯಾಗಿ ಬೀಳುತ್ತದೆ. ಅರ್ಧದಷ್ಟು ಗಾಳಿಯನ್ನು ಒಳಬಿಡುವ ಗಿಡಗಳ ಸಾಲು ತನ್ನ ಎತ್ತರದ ಹತ್ತು ಪಟ್ಟಿಗೂ ಮಿಕ್ಕಿದ ದೂರದವರೆಗೆ ಗಾಳಿಯನ್ನು ತಗ್ಗಿಸುತ್ತದೆ. ಗಾಳಿಮರ ಬೇಗ ಏಳುತ್ತದೆ, ಆದರೆ ಮುರಕಲ್ಲಿನ ಮೇಲಿನ ತೆಳು ಮಣ್ಣಿನಲ್ಲಿ ಅದೊಂದನ್ನೇ ನಂಬಬಾರದು. ಹೊರಸಾಲಿಗೆ ಮುಂಡುಗ, ಲಕ್ಕಿ. ಅದರ ಮರೆಯಲ್ಲಿ ಗೇರು, ಅದರ ಹಿಂದೆ ಸುರಹೊನ್ನೆ, ಹೊಂಗೆ. ನೇರ ಪಡುವಣದಲ್ಲಿ ತಗ್ಗಿನವು, ನೈರುತ್ಯದಲ್ಲಿ ಎತ್ತರದವು. ಆಗ ನೋಟ ಉಳಿದು ಗಾಳಿ ಮುರಿಯುತ್ತದೆ. ನೆತ್ತಿಯ ಉಳಿದ ಪಾರೆಯನ್ನು ಮುಟ್ಟಬೇಡಿ. ಬೇಸಿಗೆಯಲ್ಲಿ ಸುಟ್ಟಂತೆ ಕಾಣುವ ಆ ಕಲ್ಲಿನ ಮೇಲೆ ಆಗಸ್ಟ್ ಸೆಪ್ಟೆಂಬರಿನಲ್ಲಿ ಕೀಟ ಹಿಡಿಯುವ ಪುಟ್ಟ ನೀಲಿ ಹೂಗಳು, ಬಿಳಿ ಗುಂಡುತಲೆಯ ಹುಲ್ಲುಗಳು ಹಾಸಿಕೊಳ್ಳುತ್ತವೆ. ಹುಲ್ಲುಹಾಸಿನ ಉದ್ಯಾನಕ್ಕಾಗಿ ಹೊರಗಿನ ಮಣ್ಣು ತಂದು ಸುರಿದರೆ ಅವು ಮತ್ತೆ ಬಾರವು.

ಕಾನೂನಿನ ವಿಷಯ ಕೇಳುವವರಿದ್ದಾರೆ. ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆಯಂತೆ, 2011ರ ಜನಗಣತಿಯಲ್ಲಿ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನಸಾಂದ್ರತೆಯ ಗ್ರಾಮೀಣ ತೀರದಲ್ಲಿ ಭರತರೇಖೆಯಿಂದ 50 ಮೀಟರ್, ಉಳಿದ ಗ್ರಾಮೀಣ ತೀರದಲ್ಲಿ 200 ಮೀಟರ್ ಕಟ್ಟಡ ನಿಷಿದ್ಧ ವಲಯ. ಜಾಗಕ್ಕೆ ಮುಂಗಡ ಕೊಡುವ ಮೊದಲು ವಲಯದ ನಕ್ಷೆ ನೋಡಿ. ಕಾನೂನು ಕೇಳದ ಒಂದು ಮಾತನ್ನು ನಾನು ಸೇರಿಸುತ್ತೇನೆ. ದೋಣಿಯಲ್ಲಿ ಹೋಗುವವರು ಗುಡ್ಡದ ಗೆರೆ ನೋಡಿ ಊರು ಗುರುತಿಸುತ್ತಾರೆ. ನಿಮ್ಮ ಮಾಡು ಆ ಗೆರೆಯನ್ನು ಆದಷ್ಟು ಕಡಿಮೆ ಕೆಡಿಸಲಿ. ಹಳೆಯ ಕಾಲುದಾರಿ ನಿಮ್ಮ ಜಾಗದ ಅಂಚಿನಲ್ಲಿ ಹಾದುಹೋಗುತ್ತಿದ್ದರೆ ಬೇಲಿ ಅದನ್ನು ನುಂಗದಿರಲಿ, ಊರಿನ ಮಕ್ಕಳೂ ಅದೇ ಕಡಲನ್ನು ನೋಡಲು ಅಲ್ಲಿಗೆ ಬರುತ್ತಿದ್ದವರು.

ಹಾಗಾದರೆ ಕೆಲಸದ ಅನುಕ್ರಮ ಏನು ಎಂದು ಕೇಳುತ್ತೀರಿ. ಜಾಗ ಕೊಂಡ ವರ್ಷ ಮಳೆ ಹಿಡಿಯುತ್ತಿದ್ದಂತೆ ಗಿಡ ನೆಡಿ, ನೀರಿನ ಕಾಲುವೆ ತೋಡಿ, ಒಂದು ಸಣ್ಣ ಶೆಡ್ಡು ಹಾಕಿ. ಆ ಮಳೆಗಾಲ ಆಗಾಗ ಅಲ್ಲಿ ಹೋಗಿ ನಿಲ್ಲಿ, ಮನೆಯ ಹೆಂಗಸರನ್ನೂ ಹಿರಿಯರನ್ನೂ ಕರೆದುಕೊಂಡು ಹೋಗಿ, ನಕ್ಷೆ ಬರೆಯುವವನನ್ನೂ ಎಳೆದುಕೊಂಡು ಹೋಗಿ. ಗೂಟ ನೆಟ್ಟು ಬಟ್ಟೆಯ ಪಟ್ಟಿ ಕಟ್ಟಿದರೆ ಗಾಳಿ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ಗುಡ್ಡವೇ ತೋರಿಸುತ್ತದೆ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವ ಜಾಗವನ್ನು ಕಲ್ಲಿಟ್ಟು ಗುರುತು ಮಾಡಿ. ಆಮೇಲೆ ಪಂಚಾಂಗ. ಹಣ ಸಾಲದಿದ್ದರೆ ಮೊದಲು ಮೂಡಣದ ಅಂಗಳ, ಅಡುಗೆಮನೆ, ಎರಡು ಕೋಣೆ ಕಟ್ಟಿ ವಾಸಕ್ಕೆ ಬನ್ನಿ. ಪಡುವಣದ ಪಟ್ಟಿಗೂ ಉತ್ತರದ ದೊಡ್ಡ ಕಿಟಕಿಗೂ ಕಾಯಬಹುದು, ಗೇರುಗಿಡಗಳು ಆಳೆತ್ತರ ಆಗುವ ತನಕ.